ತೊಟ್ಟಿಲಂಗಡಿಯ ಮನೆತನ

ತಿರ್ಲಾಪುರದ ಕುಬೇರಪ್ಪನು ಒಂದು ಮನೆಯ ಬಾಗಿಲನ್ನು ಬಡಿಯದೆಯೇ ಆ ಮನೆಯ ಮೂರು ತಲೆಮಾರಿನ ಗುಣಾವಗುಣಗಳನ್ನು ತಿಳಿದುಕೊಂಡು ಬರಬಲ್ಲವನೆಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದನು. ಯಾರ ಮನೆಯಲ್ಲಾದರೂ ಮಗಳಿಗೆ ಗಂಡು ಗೊತ್ತುಮಾಡುವ ಮಾತೆದ್ದಿತೆಂದರೆ, ಜಾತಕ ಬಿಚ್ಚುವುದಕ್ಕೆ ಮೊದಲು ಅವನ ಕಟ್ಟೆಗೆ ಬರುತ್ತಿದ್ದರು. "ಕುಬೇರಪ್ಪಣ್ಣಾ, ಒಂದೀಟು ವಿಚಾರಣಿ ಮಾಡ್ಕೊಂಡ ಬಾರಪಾ" ಎಂದರೆ ಸಾಕು. ಮರುದಿನ ಇಸ್ತ್ರಿ ಮಾಡಿದ ಧೋತರವನ್ನುಟ್ಟು, ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟುಬಿಡುವನು.

ವಿಚಾರಣೆಯೆಂಬುದು ಅವನ ಪಾಲಿಗೆ ಒಂದು ಶಾಸ್ತ್ರವೇ ಆಗಿತ್ತು. ಯಾರ ವಿಚಾರಣೆಯೋ ಅವರ ಮನೆಯ ಹೊಸ್ತಿಲನ್ನು ತುಳಿಯಕೂಡದು. ತುಳಿದರೆ ಅವರು ಚಹಾ ಕೊಡುತ್ತಾರೆ, ಚಹಾ ಕುಡಿದವನ ನಾಲಿಗೆ ಆ ಮನೆಯ ಕಡೆಗೇ ವಾಲುತ್ತದೆ. ಓಣಿಯ ತುದಿಯ ಹೋಟೆಲಿನಲ್ಲಿ ಕುಳಿತುಕೊಳ್ಳಬೇಕು. ತನ್ನ ಊರನ್ನೂ ಹೆಸರನ್ನೂ ಹೇಳಬೇಕು. ಮಗಳ ಸಲುವಾಗಿ ಬಂದಿದ್ದೇನೆಂದು ಹೇಳಿ ಸುಮ್ಮನಾಗಬೇಕು. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡುವವನು ವಿಚಾರಣೆಗೆ ಯೋಗ್ಯನಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ವಸ್ತುವನ್ನು ನೋಡಬಾರದು, ಮನೆತನವನ್ನು ನೋಡಬೇಕು. ಹೊಲವಿರಲಿ ಇಲ್ಲದಿರಲಿ, ಹುಡುಗ ಕಪ್ಪಿರಲಿ ಕೆಂಪಿರಲಿ, "ಮಾತಿಗೆ ನಿಲ್ಲೂ ಮಂದಿ" ಎಂದು ಕುಬೇರಪ್ಪ ಹೇಳಿದನೆಂದರೆ ಎಲೆ-ಅಡಿಕೆ ಬದಲಾಗಿಬಿಡುತ್ತಿತ್ತು. ಕುಬೇರಪ್ಪನಿಗೆ ಜಮೀನು ಹೆಚ್ಚಿಗೆ ಇರಲಿಲ್ಲ, ಅಧಿಕಾರವಂತೂ ಇರಲೇ ಇಲ್ಲ. ಅವನ ಮಾತಿಗೆ ಜನ ಕೊಡುತ್ತಿದ್ದ ಬೆಲೆಯೊಂದೇ ಅವನ ಆಸ್ತಿ.

ಇಂಥ ಕುಬೇರಪ್ಪನಿಗೆ ಒಂದು ತೊಟ್ಟಿಲು ಬೇಕಾಯಿತು.

ಅಣ್ಣಿಗೇರಿಗೆ ಕೊಟ್ಟಿದ್ದ ಅವನ ಒಬ್ಬಳೇ ಮಗಳು ಅಮೃತಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣುಕೂಸು ಹುಟ್ಟಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತೊಟ್ಟಿಲು ತವರುಮನೆಯದೇ ಆಗಬೇಕು. ಅಷ್ಟೇ ಆಗಿದ್ದರೆ ನವಲಗುಂದದ ಪೇಟೆಯಲ್ಲಿ ಯಾವುದೋ ಒಂದು ಸಿಕ್ಕುತ್ತಿತ್ತು. ಆದರೆ ಬಸುರಿ ಮಗಳ ಸೀಮಂತದ, ಎಂದರೆ ಕುಬಸದ, ದಿನ ಹೋಳಿಗೆ ಉಂಡ ಉತ್ಸಾಹದಲ್ಲಿ ಕುಬೇರಪ್ಪನು ಬೀಗತಿ ಮಹಾನಂದಕ್ಕನ ಎದುರಿಗೆ, "ನಮ್ಮ ಮೊಮ್ಮಗಳನ್ನ ಕಲಘಟಗಿ ಬಣ್ಣದ ತೊಟ್ಟಲ್ದಾಗನ ತೂಗತೇನ್ರಿ" ಎಂದುಬಿಟ್ಟಿದ್ದನು. ಮಹಾನಂದಕ್ಕ ತನ್ನ ಕನ್ನಡಕವನ್ನು ಎಲ್ಲಿಟ್ಟೆನೆಂಬುದನ್ನು ದಿನವೂ ಮರೆಯುವ ಹೆಂಗಸು. ಬೇರೆಯವರು ಕೊಟ್ಟ ಮಾತನ್ನು ಮಾತ್ರ ಮರೆತವಳಲ್ಲ. ಅಣ್ಣಿಗೇರಿಯ ಅರ್ಧ ಪೇಟೆಗೆ ಆಗಲೇ ತೊಟ್ಟಿಲಿನ ಸುದ್ದಿ ಮುಟ್ಟಿತ್ತು. ಕೂಸು ಹುಟ್ಟುವ ಮೊದಲು ತೊಟ್ಟಿಲನ್ನು ಮನೆಗೆ ತರಬಾರದೆಂದು ಕುಬೇರಪ್ಪ ಸುಮ್ಮನಿದ್ದನು. ಹುಟ್ಟಿದ ಮೇಲೆ ತಿಳಿದವರು ಹೇಳಿದರು: ಆ ತೊಟ್ಟಿಲನ್ನು ಹೇಳಿ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಕಾರ್ಯಕ್ರಮಕ್ಕೆ ಹತ್ತೇ ದಿನ ಉಳಿದಿತ್ತು.

ಆಗ ಮೊಬೈಲಿನಲ್ಲಿ ಆ ಅಂಗಡಿ ಕಣ್ಣಿಗೆ ಬಿತ್ತು. 'ಗುಡದಪ್ಪನವರ ಬಣ್ಣದ ತೊಟ್ಟಿಲು, ಕಲಘಟಗಿ. ತಯಾರಿದೆ. ಐದು ದಿನಗಳಲ್ಲಿ ನಿಮ್ಮ ಮನೆ ಬಾಗಿಲಿಗೆ.' ಅರಗು ಬಣ್ಣದಲ್ಲಿ ಹೊಳೆಯುವ ಕೆಂಪು ತೊಟ್ಟಿಲು, ಅದರ ಪಕ್ಕದಲ್ಲಿ ಕುಂಚ ಹಿಡಿದು ತಲೆ ಬಗ್ಗಿಸಿ ನಿಂತ ಒಬ್ಬ ಗಂಡಸು, ಕೆಳಗೆ ಓಣಿಯ ಹೆಸರಿನ ಸಮೇತ ವಿಳಾಸ. ಕುಬೇರಪ್ಪನ ಕಣ್ಣು ತುಂಬಿ ಬಂತು.

"ಅಪ್ಪಾ, ತಡಿ. ಈಗ ದುಡ್ಡ ಹಾಕಬ್ಯಾಡ" ಎಂದಳು ಅಮೃತಾ, ಕೂಸನ್ನು ಭುಜಕ್ಕೆ ಹಾಕಿಕೊಂಡು. "ಮೊದಲ ಅಂಗಡಿ ಖರೇನೋ ಸುಳ್ಳೋ ನೋಡಬೇಕು."

"ನೋಡೂದ ನನಗ ಕಲಸ್ತೀಯೇನವಾ?"

"ಹಂಗಲ್ಲಪಾ. ನೋಡಿಲ್ಲಿ, ಸಾಮಾನ ಬಂದ ಮ್ಯಾಲೆ ದುಡ್ಡ ಕೊಡತೇವಿ ಅಂದ್ರ ಇವರು ಒಪ್ಪಂಗಿಲ್ಲ. ಪೂರಾ ಮೊದಲ ಹಾಕ್ರಿ ಅಂತಾರ."

"ಒಪ್ಪಬಾರದು. ಮರ್ಯಾದಸ್ಥ ಮಂದಿ ಮತ್ತೊಬ್ಬರ ಬಾಗಲದಾಗ ನಿಂತ ದುಡ್ಡ ಕೇಳತಾರೇನು?"

"ಫೋನ್ ಹಚ್ಚಿದ್ರ ಎತ್ತವಲ್ರು."

"ಮೊದಲನೇ ಗಂಟಿಗೇ ಫೋನ್ ಎತ್ತೂ ಮಂದಿ ಗಡಿಬಿಡಿ ಮಂದಿ. ಅಂಥಾ ಮನಿಗೆ ನಾ ಇಲ್ಲಿತನಾ ಒಂದ ಹೆಣ್ಣ ಕೊಡಸಿಲ್ಲ."

"ಈ ಅಂಗಡಿ ಸುರು ಆಗಿದ್ದ ಹೋದ ತಿಂಗಳ. ತಾರೀಖ ಹಾಕ್ಯಾರ ನೋಡು."

"ಅಣ್ಣತಮ್ಮರು ಬ್ಯಾರಿ ಆಗಿ ಹೊಸಾ ಸಂಸಾರಾ ಹೂಡಿರಬೇಕು. ಅದು ತಪ್ಪೇನು?"

ಅಮೃತಾ ನಿಟ್ಟುಸಿರು ಬಿಟ್ಟು, ಕೊಂಡವರು ಬರೆದ ಅಭಿಪ್ರಾಯಗಳನ್ನು ತೋರಿಸಿದಳು. ಎಲ್ಲರೂ ಒಂದೇ ಬಾಯಿಯಿಂದ 'ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ' ಎಂದು ಬರೆದಿದ್ದರು. ಅವನ್ನು ನಂಬಬಾರದೆಂಬ ವಿಷಯದಲ್ಲಿ ಮಾತ್ರ ತಂದೆಮಕ್ಕಳಿಗೆ ಒಮ್ಮತವುಂಟಾಯಿತು.

"ಇವರು ಯಾರು?" ಎಂದು ಕುಬೇರಪ್ಪ ಗುಡುಗಿದನು. "ಊರಿಲ್ಲ, ಮನಿತನದ ಹೆಸರಿಲ್ಲ, ಅಪ್ಪನ ಹೆಸರಿಲ್ಲ. ಇಂಥವರ ಮಾತ ಕೇಳಿ ಯಾರರ ಹೆಣ್ಣ ಕೊಡತಾರೇನು?"

"ಹೆಣ್ಣ ಕೊಡೂದಲ್ಲಪಾ, ತೊಟ್ಟಲಾ ತೊಗೊಳ್ಳೂದು."

"ಎರಡೂ ಒಂದ. ಎರಡನ್ನೂ ಒಮ್ಮೆ ಹೊಸ್ತಲಾ ದಾಟಿಸಿದ ಮ್ಯಾಲೆ ತಿರುಗಿ ಕಳಸಾಕ ಬರಂಗಿಲ್ಲ."

ಒಳಗೆ ಜೋಳದ ಹಿಟ್ಟು ನಾದುತ್ತಿದ್ದ ಹೆಂಡತಿ ಕಸ್ತೂರೆವ್ವ, "ವಿಳಾಸ ಐತೆಲ್ರಿ, ಹೋಗಿ ಕೇಳಿ ಬರಬಾರದೇನು? ಕಲಘಟಗಿ ಏನ ಕಾಶಿ ಅಲ್ಲ" ಎಂದಳು.

"ಹೋಗತೇನಿ. ಕೇಳತೇನಿ" ಎಂದನು ಕುಬೇರಪ್ಪ. ಯಾರನ್ನು ಕೇಳುತ್ತೇನೆಂದು ಅವನು ಹೇಳಲಿಲ್ಲ, ತಾಯಿಮಕ್ಕಳೂ ಕೇಳಲಿಲ್ಲ. ಮುಂದೆ ನಡೆದ ಅನರ್ಥಕ್ಕೆಲ್ಲ ಕೇಳದೆ ಉಳಿದ ಆ ಒಂದು ಪ್ರಶ್ನೆಯೇ ಮೂಲವಾಯಿತು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿ ಮುಟ್ಟಿದ ಕುಬೇರಪ್ಪನು ವಿಳಾಸದ ಓಣಿಯನ್ನು ಹುಡುಕಿ, ಶಾಸ್ತ್ರಕ್ಕನುಸಾರವಾಗಿ ಅದರ ತುದಿಯಲ್ಲಿದ್ದ ರಾಮಪ್ಪನ ಚಹಾದ ಹೋಟೆಲಿನಲ್ಲಿ ಕುಳಿತನು. ಅಲ್ಲಿಂದ ಗುಡದಪ್ಪನ ಮನೆ ಚೆನ್ನಾಗಿ ಕಾಣುತ್ತಿತ್ತು. ಅಂಗಳದಲ್ಲಿ ತೊಟ್ಟಿಲಿನ ಕಾಲುಗಳು ಕೆಂಪು ಬಣ್ಣ ಬಳಿಸಿಕೊಂಡು ಸಾಲಾಗಿ ಒಣಗುತ್ತಿದ್ದವು. ಬಿಸಿ ಅರಗಿನ ವಾಸನೆ ಹೋಟೆಲಿನವರೆಗೂ ಬರುತ್ತಿತ್ತು. ಕುಳಿತಲ್ಲಿಂದಲೇ ಒಂದು ಕೂಗು ಹಾಕಿದ್ದರೆ ಗುಡದಪ್ಪನಿಗೆ ಕೇಳಿಸುತ್ತಿತ್ತು. ಕುಬೇರಪ್ಪನು ಕೂಗಲಿಲ್ಲ; ಯಾರಾದರೂ ಗುರುತು ಹಿಡಿದಾರೆಂದು ಬೆಂಚಿನ ಮೇಲೆ ತಿರುಗಿ, ಆ ಮನೆಗೆ ಬೆನ್ನು ಮಾಡಿ ಕುಳಿತನು.

"ಯಾವೂರಾತ್ರಿ ಯಜಮಾನ್ರ?" ಎಂದು ರಾಮಪ್ಪ ಕೇಳಿದನು.

"ನವಲಗುಂದ ಬಾಜು ತಿರ್ಲಾಪುರ. ಕುಬೇರಪ್ಪ ಅಂತಾರ್ರಿ."

"ಈ ಕಡೆ ಏನ ಬಂದದ್ದು?"

"ಮಗಳ ಸಲುವಾಗಿ." ಕುಬೇರಪ್ಪನು ಕಪ್ಪಿನಿಂದ ಬಸಿಗೆ ಸುರಿದ ಚಹಾವನ್ನು ಊದಿದನು. ಆಮೇಲೆ ಗದ್ದವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, "ಆ ಗುಡದಪ್ಪನ ಮನಿ ಮಂದಿ ಹೆಂಗ್ರಿ?" ಎಂದನು.

ರಾಮಪ್ಪನ ಕೈ ನಿಂತಿತು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಅವನು ಅದನ್ನು ನೋಡಲಿಲ್ಲ.

ಕುಬೇರಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಗುಡದಪ್ಪನಿಗೆ ಕಾಶಿನಾಥನೆಂಬ ಮಗನಿದ್ದನು. ಚಿತ್ರ ಬರೆಯುವುದರಲ್ಲಿ ಕೈ ಪಳಗಿದವನು, ಮೃದು ಸ್ವಭಾವದವನು, ಮೂವತ್ತೈದು ದಾಟಿದವನು, ಅವಿವಾಹಿತನು. ಈಗಿನ ಹೆಣ್ಣು ಹೆತ್ತವರು ಪಗಾರದ ಗಂಡನ್ನು ಕೇಳುತ್ತಾರೆಯೇ ಹೊರತು ಕುಂಚ ಹಿಡಿದವನನ್ನು ಕೇಳುವುದಿಲ್ಲ. ಊರವರ ಮಕ್ಕಳಿಗೆಲ್ಲ ತೊಟ್ಟಿಲು ಮಾಡಿ ಕೊಡುತ್ತ ಕೊಡುತ್ತ ಕಾಶಿನಾಥನ ತಲೆಯಲ್ಲಿ ಬಿಳಿ ಕೂದಲು ಕಾಣಿಸಿದ್ದವು. ಹೊರ ಊರಿನಿಂದ ಒಬ್ಬ ಮನುಷ್ಯ ಬಂದು, ಆ ಬೆಂಚಿನ ಮೇಲೆ ಕುಳಿತು, ಮಗಳ ಸಲುವಾಗಿ ಬಂದೆನೆಂದು ಹೇಳಿ, ಆ ಮನೆಯ ಮಂದಿ ಹೇಗೆಂದು ಕೇಳುವ ಗಳಿಗೆಗಾಗಿ ಇಡೀ ಓಣಿ ವರ್ಷಗಟ್ಟಲೆ ಕಾದಿತ್ತು.

"ಹೆಂಗ ಅಂದ್ರ!" ರಾಮಪ್ಪ ಒಲೆ ಬಿಟ್ಟು ಬೆಂಚಿನ ಹತ್ತಿರ ಬಂದನು. "ಬಂಗಾರದಂಥಾ ಮಂದಿರಿ! ಆ ಕಾಶಿನಾಥ ನನ್ನ ಹೋಟೆಲಕ್ಕ ಬಂದ್ರ ತಲಿ ಎತ್ತಿ ನೋಡಂಗಿಲ್ಲ. ಕಪ್ಪು ಖಾಲಿ ಆದದ್ದು ಸೈತ ನಾನ ಹೇಳಬೇಕು."

"ಕೊಟ್ಟ ಮಾತ?"

"ಇವತ್ತ ಅಂದ್ರ ಇವತ್ತ!"

ಇದು ಅಪ್ಪಟ ಸುಳ್ಳು. ಚೊಚ್ಚಲ ಕೂಸಿಗೆಂದು ಕಾಶಿನಾಥನ ಹತ್ತಿರ ತೊಟ್ಟಿಲು ಹೇಳಿದವರು ಎರಡನೆಯ ಕೂಸನ್ನು ಅದರಲ್ಲಿ ಮಲಗಿಸಿದ ಉದಾಹರಣೆಗಳು ಆ ಓಣಿಯಲ್ಲೇ ಇದ್ದವು. ಆದರೆ ಹೆಣ್ಣಿನ ತಂದೆಯ ಮುಂದೆ ಅದನ್ನು ಹೇಳುವ ಕಟುಕರು ಕಲಘಟಗಿಯಲ್ಲಿ ಇರಲಿಲ್ಲ.

ರಾಮಪ್ಪನು ಬಾಜುವಿನ ಕಿರಾಣಿ ಅಂಗಡಿಯ ನಸ್ರೀನ್‌ಗೆ ಕಣ್ಸನ್ನೆ ಮಾಡಿದನು. ಅವಳು ತಕ್ಕಡಿಯನ್ನು ಕೆಳಗಿಟ್ಟು ಬಂದೇ ಬಂದಳು.

"ಚಟಾ ಕೇಳತೀರೇನ್ರಿ ಕಾಕಾ? ನಾ ಗುಟಕಾ ಮಾರಾಕಿ. ಯಾವ ಮನಿ ಗಂಡಸು ಏನ ತಿಂತಾನ ಅಂತ ಅವನ ಹೇಣ್ತಿಗಿಂತ ಮೊದಲ ನನಗ ಗೊತ್ತಾಗ್ತೈತಿ. ಕಾಶಿನಾಥ ಇಲ್ಲಿತನಾ ಒಂದ ಪುಡಿ ಮುಟ್ಟಿಲ್ಲ. ಬರೇ ಬೆಲ್ಲಾ ಒಯ್ತಾನ, ಬೆಲ್ಲಾ! ಕಣ್ಣ ಮುಚ್ಚಿ ಹೂಂ ಅನ್ರಿ."

ಅಷ್ಟರಲ್ಲಿ ಗುಡದಪ್ಪನ ಗೋಡೆಗೆ ಗೋಡೆ ಹಚ್ಚಿದ ಮನೆಯ ಮುದುಕನೊಬ್ಬ ಯಾರೂ ಕರೆಯದೆ ಕೋಲೂರಿಕೊಂಡು ಬಂದು, "ಗೋಡಿ ಸಲುವಾಗಿ ಅವನ ಮ್ಯಾಲೆ ಕೋರ್ಟಿಗೆ ಹೋಗೇನ್ರಿ. ಅದು ಬ್ಯಾರೆ. ಗೋಡಿ ನಂದ. ಆದ್ರ ಮನಿಶಾ ಅಂದ್ರ ಗುಡದಪ್ಪ" ಎಂದು ಹೇಳಿ, ಉಸಿರು ತಿರುಗಿಸಿಕೊಳ್ಳಲು ಕುಳಿತನು.

ವೈರಿಯ ಬಾಯಿಂದ ಹೊಗಳಿಕೆ! ಕುಬೇರಪ್ಪನ ಮೂವತ್ತು ವರ್ಷದ ಅನುಭವದಲ್ಲಿ ಇಂಥ ಪ್ರಮಾಣಪತ್ರವನ್ನು ಪಡೆದ ಮನೆತನ ಇನ್ನೊಂದಿರಲಿಲ್ಲ. ಅದೇ ಹೊತ್ತಿಗೆ ಬಣ್ಣ ಮೆತ್ತಿದ ಬನಿಯನ್ನಿನ ಗಂಡಸೊಬ್ಬ ಹೋಟೆಲಿನ ಕಡೆಗೆ ನಡೆದು ಬಂದನು. "ಏ ಕಾಶಿನಾಥಾ, ಹೋಗೋ, ಮೊದಲ ಹೋಗಿ ಒಂದ ಅಂಗಿ ಹಾಕ್ಕೋ!" ಎಂದು ರಾಮಪ್ಪ ಅವನನ್ನು ಕೋಳಿಯನ್ನು ಅಟ್ಟುವಂತೆ ಅಟ್ಟಿದನು. ಕುಬೇರಪ್ಪನು ಮೊಬೈಲಿನ ಚಿತ್ರವನ್ನೂ ಆ ಮುಖವನ್ನೂ ಹೋಲಿಸಿ ನೋಡಿದನು. ಅದೇ ಮುಖ, ಅದೇ ಬಗ್ಗಿದ ತಲೆ. ಇನ್ನು ಸಂಶಯಕ್ಕೆ ಎಡೆಯೆಲ್ಲಿ?

"ಒಪ್ಪಿಗಿ ಆತೇನ್ರಿ?" ಎಂದು ರಾಮಪ್ಪ ಕೇಳಿದನು.

"ಆತು" ಎಂದನು ಕುಬೇರಪ್ಪ.

ರಾಮಪ್ಪ ಚಹಾದ ಹಣ ತೆಗೆದುಕೊಳ್ಳಲಿಲ್ಲ. ಅವನ ಫೋನ್ ನಂಬರನ್ನು ಮಾತ್ರ ತೆಗೆದುಕೊಂಡನು. ಬಸ್ಸು ಹುಬ್ಬಳ್ಳಿ ಮುಟ್ಟುವ ಮೊದಲೇ ಕುಬೇರಪ್ಪನು ಅಂಗಡಿಗೆ ಪೂರ್ತಿ ಹಣ ಕಳಿಸಿ, ಹಸನಾದ ಒಂದು ನಿದ್ದೆಯನ್ನೂ ಮಾಡಿದನು.

ಮರುದಿನ ಸಂಜೆ ಫೋನ್ ಬಂತು. "ಕಲಘಟಗಿಯಿಂದ ಗುಡದಪ್ಪ ಮಾತಾಡತೇನ್ರಿ."

ಕುಬೇರಪ್ಪನು ಫೋನಿಗೆ ಅಂಗೈ ಅಡ್ಡ ಹಿಡಿದು ಮಗಳ ಕಡೆಗೆ ತಿರುಗಿದನು. "ಎತ್ತವಲ್ರು ಅಂದ್ಯಲ್ಲ? ತಾವ ಹಚ್ಚ್ಯಾರ ನೋಡು!" ಅಮೃತಾ ಕೂಸನ್ನೆತ್ತಿಕೊಂಡು ಒಳಗೆ ಹೋದಳು.

"ನಿಮಗ ಒಪ್ಪಿಗಿ ಐತಿ ಅಂತ ರಾಮಪ್ಪ ಹೇಳಿದಾ" ಎಂದನು ಗುಡದಪ್ಪ. "ನಮ್ಮ ಕಡಿಂದ ಏನೂ ತಕರಾರ ಇಲ್ರಿ."

"ನಮ್ಮ ಕಡಿಂದ ಅಂತೂ ಎಲ್ಲಾ ಮುಗದ ಹೋಗೇತ್ರಿ."

ಹೆಣ್ಣಿನ ಕಡೆಯವರ ಈ ವೇಗಕ್ಕೆ ಗುಡದಪ್ಪನು ಬೆರಗಾದನು. "ಹಂಗಾರ ನಾವ ಯಾವಾಗ ಬರೂಣ್ರಿ?"

"ಗುರುವಾರ ಮುಂಜಾನಿ ಬರ್ರಿ. ನಮ್ಮ ಮಂದಿ ಎಲ್ಲಾ ಕೂಡಿರತಾರ, ಎಲ್ಲಾರ ಕಣ್ಣಮುಂದ ಆಗಲಿ."

"ಎಷ್ಟ ಮಂದಿ ಬರಬೇಕ್ರಿ?"

"ನಾಲ್ಕ ಮಂದಿ ಆದ್ರ ಭಾಳ ಆತು. ನಮ್ಮ ಬಾಗಲಾ ಸಣ್ಣದೈತಿ."

ಎಂಥ ವಿನಯವೆಂದುಕೊಂಡನು ಗುಡದಪ್ಪ. "ಕೊಡೂದು ತೊಗೊಳ್ಳೂದು ನಾವೇನೂ ಕೇಳಂಗಿಲ್ರಿ" ಎಂದನು.

"ಇನ್ನ ಮ್ಯಾಲೆ ಕೇಳಬಾರದಲ್ರಿ ಮತ್ತ!" ಎಂದು ಕುಬೇರಪ್ಪ ನಕ್ಕನು. ಆ ಕಡೆ ಗುಡದಪ್ಪನೂ ನಕ್ಕನು. ಇಬ್ಬರು ಸಜ್ಜನರು ಇಷ್ಟು ನಿರ್ಮಲವಾದ ಮನಸ್ಸಿನಿಂದ ಇಷ್ಟು ಸಂಪೂರ್ಣವಾಗಿ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡದ್ದು ಫೋನು ಎಂಬ ಯಂತ್ರ ಹುಟ್ಟಿದಂದಿನಿಂದ ವಿರಳವೇ ಇರಬೇಕು.

ಗುರುವಾರ ಕುಬೇರಪ್ಪನ ಮನೆ ಗಿಜಿಗುಡುತ್ತಿತ್ತು. ಅಣ್ಣಿಗೇರಿಯಿಂದ ಮಹಾನಂದಕ್ಕ ಏಳೆಂಟು ಹೆಂಗಸರೊಂದಿಗೆ ಬಂದಿದ್ದಳು. ಅಮೃತಾಳ ಗಂಡ ಪ್ರಭು ಮೂಲೆಯಲ್ಲಿ ಕುಳಿತು ಗುಗ್ಗರಿ ತಿನ್ನುತ್ತಿದ್ದನು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ತೊಲೆಗೆ ಹೊಡೆದ ಎರಡು ಹೊಸ ಕೊಂಡಿಗಳು ಬರಿದಾಗಿ ತೂಗುತ್ತಿದ್ದವು.

"ಬೀಗರ, ತೊಟ್ಟಲಾ ಎಲ್ಲೈತ್ರಿ?" ಎಂದು ಮಹಾನಂದಕ್ಕ ಮೂರನೆಯ ಸಲ ಕೇಳಿದಳು.

"ಹಾದ್ಯಾಗ ಐತ್ರಿ. ಮಾಡಿದವರ ಖುದ್ದ ತರಾಕ್ಹತ್ತಾರ."

ಹೊರಗೆ ಗಾಡಿಯ ಹಾರ್ನು ಕೇಳಿಸಿತು. "ಬಂತು! ಬಂತು!" ಎಂದು ಕುಬೇರಪ್ಪ ಓಡಿದನು. ಹೆಂಗಸರು ಆರತಿ ಹಿಡಿದು ಬಾಗಿಲಿಗೆ ನಿಂತರು. ಬಾಡಿಗೆಯ ಕ್ರೂಸರಿನಿಂದ ಕರಿ ಕೋಟಿನ ಗುಡದಪ್ಪ ಇಳಿದನು. ಹೂವು, ಸಕ್ಕರೆ, ಸೀರೆಯ ತಟ್ಟೆ ಹಿಡಿದ ಅವನ ಹೆಂಡತಿ ಇಳಿದಳು. ಹೋಟೆಲಿನ ರಾಮಪ್ಪ ಇಳಿದನು. ಕೊನೆಗೆ, ಮಡಿಕೆಯ ಗೆರೆಗಳು ಇನ್ನೂ ಮಾಸಿರದ ಹೊಸ ಅಂಗಿ ತೊಟ್ಟು ಕಾಶಿನಾಥ ಇಳಿದನು. ಲೆಕ್ಕಕ್ಕೆ ಸರಿಯಾಗಿ ನಾಲ್ಕು ಜನ.

ಕುಬೇರಪ್ಪನು ಗಾಡಿಯ ಒಳಗೆ ಇಣುಕಿದನು. ಗಾಡಿಯ ಮೇಲೆ ನೋಡಿದನು. ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, "ಎಲ್ಲೈತ್ರಿ?" ಎಂದನು.

"ಏನ್ರಿ?"

"ನೀವ ತಂದದ್ದು!"

ಗುಡದಪ್ಪನು ತುಸು ಗಲಿಬಿಲಿಗೊಂಡು ಮಗನ ಭುಜದ ಮೇಲೆ ಕೈಯಿಟ್ಟನು. "ಇಲ್ಲೆ ಅದಾನಲ್ರಿ."

ಆರತಿ ಹಿಡಿದ ಹೆಂಗಸರಿಗೆ ಹೆಚ್ಚು ಹೊತ್ತು ನಿಲ್ಲಲು ವ್ಯವಧಾನವಿರಲಿಲ್ಲ; ಎದುರಿಗೆ ಸಿಕ್ಕವನು ಕಾಶಿನಾಥನಾದ್ದರಿಂದ ಅವನಿಗೇ ಬೆಳಗಿಬಿಟ್ಟರು. ತೊಟ್ಟಿಲು ಹಿಂದಿನ ಗಾಡಿಯಲ್ಲಿ ಬರುತ್ತಿರಬೇಕೆಂದು ಕುಬೇರಪ್ಪನು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು ಎಲ್ಲರನ್ನೂ ಜಮಖಾನೆಯ ಮೇಲೆ ಕೂಡಿಸಿದನು.

"ಮಗಳನ್ನ ಕರೀರಿ, ಕಣ್ಣತುಂಬ ನೋಡೂಣು" ಎಂದಳು ಗುಡದಪ್ಪನ ಹೆಂಡತಿ.

ಬಾಣಂತಿಗೆ ಹಿರಿಯರ ಆಶೀರ್ವಾದವೆಂದರೆ ಒಳ್ಳೆಯದೇ ಎಂದು ಕುಬೇರಪ್ಪ ಮಗಳನ್ನು ಕರೆದನು. ಅಮೃತಾ ಕೂಸನ್ನೆತ್ತಿಕೊಂಡು ಬಂದು ನಿಂತಳು.

ತಲೆಯೆತ್ತದ ಕಾಶಿನಾಥ ತಲೆಯೆತ್ತಿದನು. ಅಮೃತಾಳನ್ನು ನೋಡಿದನು, ಕೂಸನ್ನು ನೋಡಿದನು, ಮತ್ತೆ ತಲೆ ತಗ್ಗಿಸಿದನು. ಮನೆಯಲ್ಲಿ ಗುಗ್ಗರಿ ಅಗಿಯುವ ಸದ್ದೊಂದೇ ಉಳಿಯಿತು.

ರಾಮಪ್ಪನು ಕುಬೇರಪ್ಪನ ಕಿವಿಗೆ ಬಗ್ಗಿದನು. ಆದರೆ ಹೋಟೆಲಿನಲ್ಲಿ ಕೂಗಿ ಕೂಗಿ ಬೆಳೆದ ಗಂಟಲು ಪಿಸುಮಾತಿಗೆ ಒಗ್ಗಲಿಲ್ಲ. "ಎರಡನೇ ಸಂಬಂಧ ಅಂತ ಮೊದಲ ಹೇಳಬೇಕಿತ್ತಲ್ರಿ ಯಜಮಾನ್ರ! ಇರ್ಲಿ, ಚಿಂತಿಲ್ಲ. ನಮ್ಮ ಕಾಶಿನಾಥ ಈ ಕೂಸನ್ನ ತನ್ನ ಹೊಟ್ಯಾಗಿನ ಕೂಸಿನಂಗ ಸಾಕತಾನ."

"ಯಾರದ್ರಿ ಎರಡನೇ ಸಂಬಂಧ?" ಮಹಾನಂದಕ್ಕ ಎದ್ದು ನಿಂತಳು. "ನನ್ನ ಸೊಸಿಗೆ ಗಂಡ ತೋರಸಾಕ ನನ್ನನ್ನ ಊಟಕ್ಕ ಕರದೀರೇನ್ರಿ ಬೀಗರ?"

ಪ್ರಭು ಬಾಯಿಯೊಳಗಿನ ಗುಗ್ಗರಿಯನ್ನು ಕಷ್ಟಪಟ್ಟು ನುಂಗಿ, "ನಾ ಇನ್ನೂ ಅದೇನಲ್ರಿ" ಎಂದು ದೀನವಾಗಿ ನುಡಿದನು.

ಮುಂದಿನ ಹತ್ತು ನಿಮಿಷ ಆ ಪಡಸಾಲೆಯಲ್ಲಿ ಯಾರು ಯಾರಿಗೆ ಏನೆಂದರೆಂಬುದನ್ನು ಬಿಡಿಸಿ ಹೇಳುವುದು ಯಾರಿಂದಲೂ ಆಗದ ಕೆಲಸ. ಅಣ್ಣಿಗೇರಿಯ ಹೆಂಗಸರು ಚಪ್ಪಲಿ ಹುಡುಕತೊಡಗಿದರು. ಕಸ್ತೂರೆವ್ವ ಬಾಗಿಲಿಗೆ ಅಡ್ಡ ನಿಂತಳು. ರಾಮಪ್ಪ ಎಲ್ಲರಿಗೂ ಕೈ ಮುಗಿಯುತ್ತ ಕಾಶಿನಾಥನ ಸದ್ಗುಣಗಳನ್ನು ಇನ್ನೊಮ್ಮೆ ಮೊದಲಿನಿಂದ ಹೇಳತೊಡಗಿದನು. ಕುಬೇರಪ್ಪನು ನಡುವೆ ನಿಂತು, "ತೊಟ್ಟಲಾ! ಅವರು ಬಂದದ್ದು ತೊಟ್ಟಲಾ ಕೊಡಾಕ್ರಿ!" ಎಂದು ಕೂಗುತ್ತಲೇ ಇದ್ದನು.

ಸಂಗತಿಯನ್ನು ಮೊದಲು ಅರಿತವಳು ಅಮೃತಾ. ಅವಳು ಮೊಬೈಲನ್ನು ತಂದು ಕಾಶಿನಾಥನ ಮುಂದೆ ಹಿಡಿದಳು. "ಅಣ್ಣಾರ, ಇದು ನಿಮ್ಮ ಅಂಗಡಿ ಹೌದೇನ್ರಿ?"

ಕಾಶಿನಾಥ ಬಹಳ ಹೊತ್ತು ನೋಡಿದನು. "ಫೋಟೋ ನಂದರಿ. ತೊಟ್ಟಲಾನೂ ನಂದ. ಹೋದ ವರ್ಷ ಯಾರೋ ಬಂದು ಫೋಟೋ ತಕ್ಕೊಂಡ ಹೋಗಿದ್ರು. ಅಂಗಡಿ ನಮ್ಮದಲ್ರಿ. ನಾವು ಮೊಬೈಲದಾಗ ಮಾರಂಗಿಲ್ಲ."

ಗದ್ದಲ ಒಮ್ಮೆಲೇ ಇಳಿಯಿತು. ಕುಬೇರಪ್ಪನು ಜಮಖಾನೆಯ ಮೇಲೆ ಕುಸಿದನು. ಅವನ ಎದುರಿಗೆ ಕುಳಿತಿದ್ದ ಗುಡದಪ್ಪನಿಗೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟಿಗೆ ಉತ್ತರ ಕೊಡುವುದು ಕುಬೇರಪ್ಪನಿಗೆ ಗೊತ್ತಿತ್ತು. ಗುಡದಪ್ಪ ಸಿಟ್ಟಾಗಲಿಲ್ಲ.

"ನಮ್ಮ ಓಣಿತನಾ ಬಂದಿದ್ರಿ" ಎಂದನು ಅವನು. "ರಾಮಪ್ಪನ ಬೆಂಚಿನಿಂದ ನಮ್ಮ ಬಾಗಲಾ ಎಷ್ಟ ದೂರ್ರಿ? ಒಮ್ಮೆ ಬಂದು ಬಡದಿದ್ರ ಆಗತಿತ್ತಲ್ರಿ."

ಅಷ್ಟರಲ್ಲಿ ಕೂಸು ಅಳತೊಡಗಿತು. ಮುಹೂರ್ತ ಮೀರುತ್ತಿತ್ತು, ಕೊಂಡಿಗಳು ಬರಿದಾಗಿಯೇ ಇದ್ದವು. ಗುಡದಪ್ಪನ ಹೆಂಡತಿ ತನ್ನ ಮಡಿಲಲ್ಲಿದ್ದ ತಟ್ಟೆಯನ್ನು ನೋಡಿದಳು. ನೋಡಿದ ಹುಡುಗಿಗೆ ಉಡಿ ತುಂಬಲೆಂದು ತಂದಿದ್ದ ಹಸಿರು ಇಳಕಲ್ ಸೀರೆ ಅದರಲ್ಲಿತ್ತು. ಅದನ್ನೆತ್ತಿ ಕಸ್ತೂರೆವ್ವನ ಕೈಗಿಟ್ಟು, "ಇದನ್ನ ಕಟ್ರೀ ಅಕ್ಕಾರ. ಕೂಸಿಂದೇನ ತಪ್ಪು?" ಎಂದಳು.

ಸೀರೆಯನ್ನು ಕೊಂಡಿಗೆ ಕಟ್ಟಿದವನು ಕಾಶಿನಾಥ. ಗಂಟು ಹಾಕಿ, ತನ್ನೆರಡು ತೋಳುಗಳನ್ನು ಜೋಳಿಗೆಯೊಳಗಿಟ್ಟು ಭಾರ ಬಿಟ್ಟು ನೋಡಿ, ಒಂದು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿ, ಹಿಂದೆ ಸರಿದು ನಿಂತನು. ಹೆಂಗಸರು ಜೋಗುಳ ಹಾಡಿದರು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿದಳು, ಉಳಿದವರು ಅವಳ ಬೆನ್ನಿಗೆ ಗುದ್ದಿದರು. ಎಲ್ಲರೂ ಉಂಡರು. ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂಬುದೇ ಕುಬೇರಪ್ಪನಿಗೆ ಹೆಚ್ಚು ಸಂಕಟವನ್ನುಂಟುಮಾಡಿತು.

ಹೊರಡುವಾಗ ಮಹಾನಂದಕ್ಕ ತಣ್ಣಗಾಗಿದ್ದಳು. "ಬೀಗರ, ನಮ್ಮ ಮನಿತನದ ವಿಚಾರಣಿಗೆ ಬಂದಾಗ ಅಣ್ಣಿಗೇರ್ಯಾಗ ಹೋಟೆಲದಾಂವ ಏನ ಹೇಳಿದ್ದಾ?"

"ಅಗದಿ ಚೊಲೊ ಮಂದಿ ಅಂದಿದ್ದರಿ."

"ನಾನ ಹೇಳಿಸಿದ್ದೆ" ಎಂದು ಹೇಳಿ ಅವಳು ಗಾಡಿ ಹತ್ತಿದಳು.

ಕಲಘಟಗಿಯವರನ್ನು ಕಳಿಸಲು ಕುಬೇರಪ್ಪ ಊರಿನ ಅಗಸೆಬಾಗಿಲವರೆಗೂ ಕ್ರೂಸರಿನ ಪಕ್ಕದಲ್ಲಿ ನಡೆದನು. ಅಗಸೆಯ ಹತ್ತಿರ ಗುಡದಪ್ಪ ಗಾಡಿಯನ್ನು ನಿಲ್ಲಿಸಿ ಕೆಳಗಿಳಿದನು.

"ಒಂದ ಮಾತ ಕೇಳತೇನ್ರಿ. ಓಣಿ ಮಂದಿ ಬಾಗಲದಾಗ ಕುಂತಿರತಾರ, ನಸ್ರೀನವ್ವ ಸಕ್ಕರಿ ತೂಗಿ ಇಟ್ಟಾಳ. ಏನಂತ ಹೇಳೂಣ್ರಿ?"

"ಇದ್ದದ್ದ ಇದ್ದಂಗ ಹೇಳೂಣು" ಎಂದನು ರಾಮಪ್ಪ ಕುಗ್ಗಿದ ಧ್ವನಿಯಲ್ಲಿ.

"ಹೇಳಬಹುದು. ತೊಟ್ಟಲಾ ಕೇಳಾಕ ಬಂದವರನ್ನ ಬೀಗರಂತ ತಿಳದು ಹೊಸಾ ಅಂಗಿ ಹಾಕ್ಕೊಂಡ ಹೋಗಿದ್ದಾ ಅಂತ ಈ ಕಾಶಿನಾಥನ್ನ ನೋಡಿ ಸಾಯೂತನಾ ನಗತಾರ. ಹೆಣ್ಣಿನವರು ಬ್ಯಾಡ ಅಂದ್ರು ಅಂದ್ರ, ಹುಡುಗಂದ ಏನೋ ಖೋಡಿ ಐತಿ ಅಂತಾರ. ಇನ್ನ ಯಾರೂ ಆ ಬೆಂಚಿನ ಮ್ಯಾಲೆ ಬಂದ ಕೂಡಂಗಿಲ್ಲ."

ಕಾಶಿನಾಥ ಗಾಡಿಯೊಳಗೆ ಕುಳಿತು ಅಂಗಿಯ ತೋಳಿನ ಗುಂಡಿಯನ್ನು ತಿರುಗಿಸುತ್ತಿದ್ದನು. ಕುಬೇರಪ್ಪನು ಅವನನ್ನು ನೋಡಿದನು. ಆಮೇಲೆ, ಯಾರೋ ತನ್ನನ್ನು ಹಿಂದಿನಿಂದ ನೂಕಿದಂತೆ, ಒಂದೇ ಉಸಿರಿಗೆ ಹೇಳಿಬಿಟ್ಟನು: "ನೀವ ಬ್ಯಾಡ ಅಂದ್ರಿ ಅಂತ ಹೇಳ್ರಿ. ಬಂದು ನೋಡಿದ್ವಿ, ತಿರ್ಲಾಪುರದ ಕುಬೇರಪ್ಪನ ಮನಿತನಾನ ಸರಿ ಇಲ್ಲ ಅಂತ ಹೇಳ್ರಿ."

"ಛೇ ಛೇ. ಉಂಡ ಮನಿಗೆ ಹಂಗ ಹೆಂಗ ಅನ್ನೂದ್ರಿ?"

"ಅನ್ರಿ. ಅನ್ನಲೇಬೇಕು."

ಗುಡದಪ್ಪ ಯೋಚಿಸಿದನು. "ಬರೇ ಸರಿ ಇಲ್ಲ ಅಂದ್ರ ನಮ್ಮ ಮಂದಿ ಬಿಡಂಗಿಲ್ರಿ. ಏನ ಸರಿ ಇಲ್ಲ ಅಂತಾರ. ಕುಡೀತಾರ ಅನ್ನೂಣೇನ್ರಿ?"

"ಅದೊಂದ ಬ್ಯಾಡ್ರಿ. ಮಗಳು ಅಣ್ಣಿಗೇರ್ಯಾಗ ಬಾಳುವೆ ಮಾಡಬೇಕು."

"ಜಗಳಗಂಟರು ಅಂದ್ರ?" ಎಂದು ರಾಮಪ್ಪ ಸೂಚಿಸಿದನು.

"ಅದು ನನ್ನ ಹೇಣ್ತಿ ಮ್ಯಾಲೆ ಹೋಗತೈತಿ." ಕುಬೇರಪ್ಪನು ನೆಲವನ್ನು ನೋಡಿದನು. ಮೂವತ್ತು ವರ್ಷ ಅವನು ತೂಗಿದ್ದ ಗುಣದೋಷಗಳಲ್ಲಿ ಎಲ್ಲಕ್ಕಿಂತ ಭಾರವಾದುದು ಯಾವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? "ಮಾತಿಗೆ ನಿಲ್ಲೂ ಮಂದಿ ಅಲ್ಲ ಅನ್ರಿ" ಎಂದನು.

ಗುಡದಪ್ಪ ಅವನ ಕೈಯನ್ನು ಒಮ್ಮೆ ಹಿಡಿದು, ಬಿಟ್ಟು, ಗಾಡಿ ಹತ್ತಿದನು.

ಮೊಬೈಲಿನ ಅಂಗಡಿ ಅಷ್ಟರಲ್ಲಿ ಮಾಯವಾಗಿತ್ತು. ಠಾಣೆಯಲ್ಲಿ ದೂರು ಕೇಳಿಕೊಂಡ ಪೇದೆ, "ವಿಳಾಸಕ್ಕ ಹೋಗಿದ್ದಿರೇನ್ರಿ?" ಎಂದನು. ಹೋಗಿದ್ದೆ. "ಒಳಗ ಹೋಗಿ ಕೇಳಿದಿರೇನು?" ಇಲ್ಲ. ಪೇದೆ ಬರೆಯುವುದನ್ನು ನಿಲ್ಲಿಸಿ ಕುಬೇರಪ್ಪನ ಮುಖವನ್ನೇ ನೋಡಿದನು. ಹಣ ಹೋಯಿತು, ಅದಕ್ಕಾಗಿ ಅವನು ಹೆಚ್ಚು ದಿನ ಕೊರಗಲಿಲ್ಲ. ಕೊರಗುವುದಕ್ಕೆ ಬೇರೆಯದಿತ್ತು. ಕಲಘಟಗಿಯಲ್ಲಿ ಆಡಿದ ಮಾತು ಹುಬ್ಬಳ್ಳಿಯ ಬಸ್‌ಸ್ಟ್ಯಾಂಡನ್ನು ದಾಟಿ, ಕುಂದಗೋಳವನ್ನು ಸುತ್ತಿ ನವಲಗುಂದಕ್ಕೆ ಬಂದಿತು. ಅವನ ಕಟ್ಟೆಗೆ ಬರುವವರು ಕಡಿಮೆಯಾದರು. ಆಮೇಲೆ ನಿಂತೇ ಹೋದರು. ಮುಂಜಾನೆಯ ಬಸ್ಸು ಈಗ ಅವನನ್ನು ಬಿಟ್ಟೇ ಹೋಗುತ್ತಿತ್ತು.

ಹತ್ತಿ ಬಿಡಿಸುವ ಕಾಲ. ಒಂದು ಮಧ್ಯಾಹ್ನ ಊರಿನ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಬೇರಪ್ಪನೊಬ್ಬನೇ ಕುಳಿತಿದ್ದನು. ಬಸ್ಸಿನಿಂದ ಇಳಿದವನೊಬ್ಬ, ಇಸ್ತ್ರಿಯ ಧೋತರದವನು, ಅತ್ತಿತ್ತ ನೋಡಿ ಅವನ ಬಾಜುವಿಗೆ ಬಂದು ಕುಳಿತನು. ಮೊದಲು ಮಳೆಯ ಮಾತು, ಆಮೇಲೆ ಹತ್ತಿಯ ದರದ ಮಾತು.

"ಮಗಳ ಸಲುವಾಗಿ ಬಂದೇನ್ರಿ" ಎಂದನು ಆ ಮನುಷ್ಯ ಮೆಲ್ಲಗೆ. "ಕಲಘಟಗ್ಯಾಗ ಒಬ್ಬ ಹುಡುಗನ್ನ ನೋಡೇವಿ, ತೊಟ್ಟಲಾ ಮಾಡಾಂವ. ನಿಮ್ಮೂರ ಕುಬೇರಪ್ಪ ಅನ್ನಾವರ ಜೋಡಿ ಸಂಬಂಧಾ ಮುರಿದೈತಂತ. ಖರೆ ಯಾರ ಬ್ಯಾಡ ಅಂದದ್ದು? ಹುಡುಗಂದ ಏನರ ಖೋಡಿ ಇತ್ತೇನ್ರಿ?"

ಕುಬೇರಪ್ಪನು ಎದುರಿನ ಕರಿಯ ಹೊಲವನ್ನು ನೋಡುತ್ತ ಉತ್ತರ ಕೊಟ್ಟನು. "ಹುಡುಗಂದ ಏನೂ ಇಲ್ರಿ. ಹುಡುಗ ಬಂಗಾರ. ಅವನೇ ಬ್ಯಾಡ ಅಂದ. ಆ ಕುಬೇರಪ್ಪನ ಮನಿತನಾ ಸರಿ ಇಲ್ಲ."

"ಹೌದೇನ್ರಿ? ಎಂಥಾ ಮಂದಿ?"

"ಮಾತಿಗೆ ನಿಲ್ಲೂ ಮಂದಿ ಅಲ್ಲರಿ."

"ಮಗಳು?"

"ಅಣ್ಣಿಗೇರ್ಯಾಗ ಕೊಟ್ಟಾರ. ಆಕಿ ಚೊಲೊ ಹುಡುಗಿ. ಅಪ್ಪಂದ ತಪ್ಪು."

ಆ ಮನುಷ್ಯನ ಮುಖ ಹಗುರಾಯಿತು. ಬಂದ ಕೆಲಸ ಕುಳಿತ ಜಾಗದಲ್ಲೇ ಮುಗಿದಿತ್ತು. ಆದರೂ ಅನುಭವಸ್ಥನಂತೆ ಕೊನೆಯ ಪ್ರಶ್ನೆಯೊಂದನ್ನು ಕೇಳಿದನು. "ನಿಮಗ ಇಷ್ಟ ಖಾತ್ರಿ ಹೆಂಗ್ರಿ?"

"ಬಾಜೂ ಮನ್ಯಾಂವ್ರಿ ನಾನು" ಎಂದನು ಕುಬೇರಪ್ಪ.

"ಅಯ್ಯ ಪಾಪ!" ಎಂದು ಆ ಮನುಷ್ಯ ನಿಜವಾಗಿಯೂ ಮರುಗಿದನು. "ಅಂಥವರ ಬಾಜೂ ಹೆಂಗ ಇರತೀರ್ರಿ?"

"ಇರಬೇಕಲ್ರಿ" ಎಂದನು ಕುಬೇರಪ್ಪ. "ಬಿಟ್ಟು ಎಲ್ಲಿಗೆ ಹೋಗೂದು?"